ಅವಳಿ ಮಕ್ಕಳನ್ನು ಶಾಲೆಯಲ್ಲಿ ಒಂದೇ ಸೆಕ್ಷನ್‌ಗೆ ಹಾಕಬೇಕಾ, ಬೇರೆ ಮಾಡಬೇಕಾ? ಅವಳಿಗಳಾಗಿ ಬೆಳೆದವರು ಹೇಳಿ

ಹಾಸನದ ಅಪ್ಪ

ಎಲ್ಲರಿಗೂ ನಮಸ್ಕಾರ. ನಮಗೆ ಇಬ್ಬರು ಅವಳಿ ಹೆಣ್ಣುಮಕ್ಕಳು. ಈ ಜೂನ್‌ಗೆ ಒಂದನೇ ಕ್ಲಾಸು. ಎಲ್‌ಕೆಜಿ, ಯುಕೆಜಿ ಎರಡರಲ್ಲೂ ಪಕ್ಕಪಕ್ಕದಲ್ಲೇ ಕೂತವರು. ಈಗ ಹೊಸ ಶಾಲೆಯ ಹೆಡ್ ಮೇಡಂ, "ನಮ್ಮಲ್ಲಿ ಅವಳಿಗಳನ್ನ ಒಂದೇ ಸೆಕ್ಷನ್‌ಗೆ ಹಾಕಲ್ಲ" ಎಂದಿದ್ದಾರೆ. ಹೆಂಡತಿಗೆ ಇದು ಸುತರಾಂ ಇಷ್ಟ ಇಲ್ಲ. ನಮ್ಮಮ್ಮ ಅಂತೂ "ಹೊಟ್ಟೇಲಿ ಒಟ್ಟಿಗಿದ್ದವನ್ನ ಯಾಕೋ ಬೇರೆ ಮಾಡ್ತೀಯ" ಅಂತ ನನ್ನ ಹತ್ತಿರ ಮಾತೇ ಬಿಟ್ಟಿದ್ದಾರೆ.

ನನಗೆ ಮಾತ್ರ ಬೇರೆ ಸೆಕ್ಷನ್ನೇ ಒಳ್ಳೆಯದೇನೋ ಅನ್ನಿಸುತ್ತಿದೆ. ಕಾರಣ ಇದು. ದೊಡ್ಡವಳಿಗೆ ಎಡಗಿವಿಯ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಮದುವೆ ಮನೆಗೆ ಹೋದರೆ ನೆಂಟರು ಬಂದವರೇ ಮಗುವಿನ ಗಲ್ಲ ಹಿಡಿದು ಮುಖ ತಿರುಗಿಸುತ್ತಾರೆ. ಮಚ್ಚೆ ನೋಡಿ ಆಮೇಲೆ ಹೆಸರು ಹಿಡಿದು ಮಾತಾಡಿಸುತ್ತಾರೆ. ಈಗ ಯಾರು ಹತ್ತಿರ ಬಂದರೂ ಅವಳೇ ಕತ್ತು ತಿರುಗಿಸಿ ಕಿವಿ ತೋರಿಸುತ್ತಾಳೆ. ಚಿಕ್ಕವಳೂ ತಿರುಗಿಸುತ್ತಾಳೆ, ತನಗೆ ಮಚ್ಚೆ ಇಲ್ಲ ಅಂತ ತೋರಿಸೋಕೆ. ಎಲ್ಲರೂ ನಗುತ್ತಾರೆ. ನನಗೆ ಹೊಟ್ಟೆ ಕಿವುಚುತ್ತದೆ.

ಇನ್ನೊಂದು ಪ್ರಶ್ನೆ. ಸ್ಕ್ಯಾನಿಂಗ್‌ನಲ್ಲಿ ಎರಡು ಮಾಸು (ಪ್ಲಾಸೆಂಟಾ) ಬೇರೆ ಬೇರೆ ಇವೆ, ಹಾಗಾಗಿ ಮಕ್ಕಳು ಒಂದೇ ಥರ ಇರುವುದಿಲ್ಲ ಎಂದಿದ್ದರು. ಆದರೆ ಇವರನ್ನು ನೋಡಿದರೆ ಅಜ್ಜಿಗೇ ಗೊತ್ತಾಗುವುದಿಲ್ಲ. ಇದು ಹೇಗೆ?

ಅವಳಿಗಳಾಗಿ ಬೆಳೆದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ.

ಶಿರಸಿಯವಳು

ನಾನು ಅವಳಿ. ನನ್ನದು ಒಂದೇ ಮಾತು: ಬೇರೆ ಸೆಕ್ಷನ್‌ಗೆ ಹಾಕಿ.

ಹತ್ತನೇ ಕ್ಲಾಸಿನವರೆಗೆ ನಾನು, ಅಕ್ಕ ಒಂದೇ ಕ್ಲಾಸು. ಊರಿನ ಹೈಸ್ಕೂಲಲ್ಲಿ ಬೇರೆ ಸೆಕ್ಷನ್ನೇ ಇರಲಿಲ್ಲ. ಅಕ್ಕ ಅಂದರೆ ಕೆಲವು ನಿಮಿಷಕ್ಕೆ ದೊಡ್ಡವಳು, ಅಷ್ಟೇ. ಅವಳು ಲೆಕ್ಕದಲ್ಲಿ ನನಗಿಂತ ಸ್ವಲ್ಪ ಮುಂದು. ಬೇರೆ ಮಕ್ಕಳ ಮನೆಯಲ್ಲಿ "ಪಕ್ಕದ ಮನೆಯವನಿಗೆ ಎಷ್ಟು ಬಂತು" ಅಂತ ಕೇಳುತ್ತಾರಲ್ಲ, ನನ್ನ ಪಾಲಿಗೆ ಆ ಪಕ್ಕದ ಮನೆಯವಳು ನನ್ನ ಹಾಸಿಗೆಯಲ್ಲೇ ಮಲಗುತ್ತಿದ್ದಳು. ಮಾರ್ಕ್ಸ್ ಕಾರ್ಡ್ ಬಂದ ದಿನ ಅಪ್ಪ ಎರಡನ್ನೂ ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟು ಒಂದೊಂದೇ ವಿಷಯಕ್ಕೆ ಬೆರಳಿಟ್ಟು ಓದುತ್ತಿದ್ದರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ನನಗೆ 78 ಬಂದರೆ ಅದು 78 ಅಲ್ಲ, ಅಕ್ಕನಿಗಿಂತ ನಾಲ್ಕು ಕಮ್ಮಿ.

ಮುಖ ಒಂದೇ ಇರುವಾಗ ಜನಕ್ಕೆ ಹೋಲಿಸದೆ ಇರೋಕೇ ಆಗುವುದಿಲ್ಲ. ಒಬ್ಬಳಿಗೆ "ಜಾಣೆ", ಇನ್ನೊಬ್ಬಳಿಗೆ "ಪಾಪದವಳು". ಈ ಚೀಟಿ ಒಂದು ಸಲ ಅಂಟಿದರೆ ಕೀಳೋದು ಕಷ್ಟ. ಪಿಯುಸಿಗೆ ನಾನು ಕಾಮರ್ಸ್, ಅವಳು ಸೈನ್ಸ್ ತಗೊಂಡೆವು. ಆಗ ಮೊದಲ ಸಲ ಒಬ್ಬ ಲೆಕ್ಚರರ್ ನನ್ನ ಹೆಸರನ್ನು ತಡವರಿಸದೆ ಕರೆದರು. ಆ ಖುಷಿ ಈಗಲೂ ನೆನಪಿದೆ.

ಕೋಲಾರದಿಂದ

ಒಟ್ಟಿಗೇ ಹಾಕಿ ಸರ್. ಹೋಮ್‌ವರ್ಕ್ ಒಂದೇ ಇರುತ್ತೆ, ಟೆಸ್ಟ್ ಒಂದೇ ದಿನ ಇರುತ್ತೆ, ಪೇರೆಂಟ್ಸ್ ಮೀಟಿಂಗ್‌ಗೆ ಒಂದೇ ಸಲ ರಜೆ ಹಾಕಿದರೆ ಸಾಕು. ಎರಡು ಡೈರಿ ನೋಡುವಷ್ಟರಲ್ಲಿ ರಾತ್ರಿ ಹತ್ತಾಗುತ್ತೆ. ನಮ್ಮ ಮನೆಯಲ್ಲಿ ಅದೇ ಆಗುತ್ತಿದೆ.

ಧಾರವಾಡದ ಅಣ್ತಮ್ಮ

ಶಿರಸಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ನೋವಾಗಿದ್ದು ಒಂದೇ ಕ್ಲಾಸಿನಿಂದಲ್ಲ, ಜಗಲಿ ಮೇಲಿನ ಮಾರ್ಕ್ಸ್ ಕಾರ್ಡಿನಿಂದ. ಬೇರೆ ಸೆಕ್ಷನ್‌ಗೆ ಹಾಕಿದ್ದರೆ ಅಪ್ಪ ಹೋಲಿಸುವುದು ಬಿಡುತ್ತಿದ್ದರಾ?

ನಾವೂ ಅವಳಿಗಳು, ಗಂಡುಮಕ್ಕಳು. ಅಪ್ಪನದು ವರ್ಗಾವಣೆಯ ನೌಕರಿ. ಗದಗ, ಬಾಗಲಕೋಟೆ, ರಾಯಚೂರು ಅಂತ ಊರೂರು ತಿರುಗಿದೆವು. ಪ್ರತಿ ಹೊಸ ಶಾಲೆಯಲ್ಲೂ ಮೊದಲ ದಿನ ಯಾರ ಪಕ್ಕ ಕೂರಬೇಕು ಅನ್ನುವ ಭಯ ನಮಗೆ ಇರಲೇ ಇಲ್ಲ. ಊಟದ ಡಬ್ಬಿ ಬಿಚ್ಚೋಕೆ ಜೊತೆಗೊಬ್ಬ ಇದ್ದ. ಹೊಸ ಹುಡುಗ ಅಂತ ಯಾರಾದರೂ ಕಾಡಿದರೆ ತಿರುಗಿ ನಿಲ್ಲೋಕೆ ಇಬ್ಬರು. ಅವ್ವ ಹೇಳುತ್ತಿದ್ದಳು, "ನಿಮಗ ಒಬ್ಬರಿಗೊಬ್ಬರು ಇದ್ದೀರಿ, ನನಗೇನ್ ಚಿಂತಿ ಇಲ್ಲ."

ಆರು ವರ್ಷದ ಮಗುವಿಗೆ ಹೊಸ ಶಾಲೆಯೇ ಒಂದು ದೊಡ್ಡ ಬದಲಾವಣೆ. ಅದೇ ದಿನ ಜೊತೆಯವಳನ್ನೂ ಕಿತ್ತುಕೊಳ್ಳಬೇಕಾ? ಎರಡನೇ ಕ್ಲಾಸಿಗೋ ಮೂರನೇ ಕ್ಲಾಸಿಗೋ ಬೇರೆ ಮಾಡಿದರಾಯಿತು.

ಶಿರಸಿಯವಳು

@ಧಾರವಾಡದ ಅಣ್ತಮ್ಮ ಅಪ್ಪ ಹೋಲಿಸುತ್ತಿದ್ದರು, ಒಪ್ಪಿದೆ. ಆದರೆ ಬೇರೆ ಬೇರೆ ಟೀಚರ್, ಬೇರೆ ಪ್ರಶ್ನೆಪತ್ರಿಕೆ ಇದ್ದಿದ್ದರೆ ಹೋಲಿಕೆಗೆ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಮತ್ತೆ ನೀವಿಬ್ಬರೂ ಓದಿನಲ್ಲಿ ಸಮ ಇದ್ದಿರಿ ಅನ್ನಿಸುತ್ತೆ. ಹಿಂದೆ ಉಳಿದವರನ್ನು ಕೇಳಿ ನೋಡಿ.

ಧಾರವಾಡದ ಅಣ್ತಮ್ಮ

ಸಮ ಇರಲಿಲ್ಲ. ಹಿಂದೆ ಉಳಿದವನು ನಾನೇ. ಅವನು ಪಕ್ಕದಲ್ಲಿ ಕೂತು ಭಿನ್ನರಾಶಿ ಹೇಳಿಕೊಡದಿದ್ದರೆ ನಾನು ಏಳನೇ ಕ್ಲಾಸು ದಾಟುತ್ತಿರಲಿಲ್ಲ.

ಡಾಕ್ಟರಮ್ಮ

ಹಾಸನದವರ ಎರಡನೇ ಪ್ರಶ್ನೆಗೆ ಉತ್ತರ. ಮಾಸು ಬೇರೆ ಬೇರೆ ಇದ್ದರೆ ಒಂದೇ ಥರದ ಅವಳಿ ಅಲ್ಲ ಅನ್ನುವುದು ತುಂಬಾ ಜನ ನಂಬಿರುವ ತಪ್ಪು. ಒಂದೇ ಮೊಟ್ಟೆ, ಒಂದೇ ವೀರ್ಯಾಣು ಸೇರಿ ಆದ ಭ್ರೂಣ ಎರಡಾಗಿ ಒಡೆದರೆ ಐಡೆಂಟಿಕಲ್ ಅವಳಿ. ಯಾವಾಗ ಒಡೆಯಿತು ಅನ್ನುವುದರ ಮೇಲೆ ಮಾಸು ಒಂದಾ, ಎರಡಾ ಅನ್ನುವುದು ನಿಂತಿದೆ. ಮೊದಲ ಮೂರು ದಿನದೊಳಗೆ ಒಡೆದರೆ ಇಬ್ಬರಿಗೂ ಬೇರೆ ಬೇರೆ ಮಾಸು. ಸ್ವಲ್ಪ ತಡವಾದರೆ ಒಂದೇ ಮಾಸನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಐಡೆಂಟಿಕಲ್ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬೇರೆ ಮಾಸಿನವರು. ನಿಮ್ಮ ಮಕ್ಕಳೂ ಹಾಗೇ ಇರಬಹುದು. ಖಚಿತ ಬೇಕೆಂದರೆ ಡಿಎನ್‌ಎ ಪರೀಕ್ಷೆಯೇ ದಾರಿ. ಒಂದು ಮಾಸು ಇದ್ದರೆ ಮಾತ್ರ ಐಡೆಂಟಿಕಲ್ ಅಂತ ಹೆಚ್ಚುಕಮ್ಮಿ ಧೈರ್ಯವಾಗಿ ಹೇಳಬಹುದು.

ಮಂಡ್ಯದ ಅಜ್ಜಿ ಮೊಮ್ಮಗ

ನಮ್ಮಜ್ಜಿ ಇದ್ದಿದ್ದರೆ "ಬಸುರಿ ಜೋಡಿ ಬಾಳೆಹಣ್ಣು ತಿಂದಿದ್ದಾಳೆ" ಅಂತಿದ್ದರು. ನಮ್ಮ ಮನೆಯಲ್ಲಿ ಅಂಟಿಕೊಂಡ ಬಾಳೆಹಣ್ಣು ಬಂದರೆ ಈಗಲೂ ಹೆಂಗಸರು ಮುಟ್ಟುವುದಿಲ್ಲ, ದನಕ್ಕೆ ಹಾಕುತ್ತಾರೆ.

ಡಾಕ್ಟರಮ್ಮ

ಬಾಳೆಹಣ್ಣಿಗೂ ಅವಳಿಗೂ ಸಂಬಂಧ ಇಲ್ಲ, ನಿಶ್ಚಿಂತೆಯಿಂದ ತಿನ್ನಲಿ. ಐಡೆಂಟಿಕಲ್ ಅವಳಿಗಳು ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವುದೂ ಇಲ್ಲ. ಪ್ರಪಂಚದ ಯಾವ ಮೂಲೆಯಲ್ಲಾದರೂ ಹೆಚ್ಚುಕಮ್ಮಿ ಒಂದೇ ಪ್ರಮಾಣ, ಸಾವಿರ ಹೆರಿಗೆಗೆ 3–4. ತಾಯಿಯ ಕಡೆಯಿಂದ ಬರುವುದು, ತಾಯಿಯ ವಯಸ್ಸಿನ ಜೊತೆ ಹೆಚ್ಚುವುದು ಎಲ್ಲ ಎರಡು ಮೊಟ್ಟೆಯ ಅವಳಿಗಳ ವಿಷಯ.

ಮಂಗಳೂರು ಬಂದರು

ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞಿ ನೋಡಿದ್ದೀರಾ? ಇಡೀ ಹಳ್ಳಿ ಅವಳಿಗಳಿಗೇ ಹೆಸರುವಾಸಿ. ಸಂಶೋಧಕರು ಬಂದು ಎಂಜಲು, ಕೂದಲು ತಗೊಂಡು ಹೋಗಿ ಪರೀಕ್ಷೆ ಮಾಡಿದರೂ ಕಾರಣ ಇದೇ ಅಂತ ಇನ್ನೂ ಗಟ್ಟಿಯಾಗಿ ಹೇಳೋಕೆ ಆಗಿಲ್ಲ. ನೈಜೀರಿಯಾದ ಇಗ್ಬೊ-ಒರಾ ಊರೂ ಅಂಥದ್ದೇ.

ಅಲ್ಲಿನ ಯೊರುಬಾ ಜನರಲ್ಲಿ ಒಂದು ಚೆಂದದ ನಂಬಿಕೆ ಇದೆ. ಮೊದಲು ಹುಟ್ಟಿದ ಅವಳಿಗೆ ತೈವೊ, ಎರಡನೆಯ ಮಗುವಿಗೆ ಕೆಹಿಂದೆ ಅಂತ ಹೆಸರು. ಆದರೆ ದೊಡ್ಡವರು ಅಂದರೆ ಕೆಹಿಂದೆ! ಹೊರಗೆ ಪ್ರಪಂಚ ಹೇಗಿದೆ ನೋಡಿ ಬಾ ಅಂತ ತಮ್ಮನನ್ನು ಮೊದಲು ಕಳಿಸಿ, ಆಮೇಲೆ ತಾನು ಬರುತ್ತಾನಂತೆ.

ಎರಡನೆಯವನು

ಈ ದೊಡ್ಡವನು ಚಿಕ್ಕವನು ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಾನು ಚಿಕ್ಕವನು. ಎಲ್ಲರೂ ಚಿಕ್ಕವನಿಗೆ ಅನ್ಯಾಯ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕಷ್ಟಪಟ್ಟವನು ಅಣ್ಣ. ಒಂದು ಸೈಕಲ್ ಬಂದರೆ "ನೀನು ದೊಡ್ಡವನಲ್ವಾ, ತಮ್ಮನಿಗೆ ಕೊಡು." ಅಪ್ಪ ತೀರಿಕೊಂಡಾಗ ಚಿತೆಗೆ ಕೊಳ್ಳಿ ಇಟ್ಟವನು ಅವನು, ಓದು ಬಿಟ್ಟು ಅಂಗಡಿ ಹಿಡಿದವನು ಅವನು, ನಾನು ಬಿಇ ಓದಿದೆ. ಇಬ್ಬರಿಗೂ ಅದೇ ವಯಸ್ಸು, ಅದೇ ದಿನ ಅಪ್ಪನನ್ನು ಕಳೆದುಕೊಂಡಿದ್ದೆವು. ಹೆರಿಗೆ ಕೋಣೆಯಲ್ಲಿ ನರ್ಸ್ ಯಾರ ಕಾಲಿಗೆ ಮೊದಲು ದಾರ ಕಟ್ಟಿದಳೋ, ಅದರ ಮೇಲೆ ಅವನ ಬದುಕು ನಿಂತಿತು.

ಹಾಸನದ ಅಣ್ಣ, ನಿಮ್ಮ ಪೋಸ್ಟ್‌ನಲ್ಲಿ "ದೊಡ್ಡವಳು, ಚಿಕ್ಕವಳು" ಅಂತ ಬರೆದಿದ್ದೀರಿ. ಮನೆಯಲ್ಲಿ ಆ ಪದ ಬಿಟ್ಟು ಹೆಸರು ಹಿಡಿದು ಕರೆಯಿರಿ. ಸೆಕ್ಷನ್‌ಗಿಂತ ಇದು ಜಾಸ್ತಿ ಮುಖ್ಯ ಅಂತ ನನ್ನ ಅನಿಸಿಕೆ.

ಕೋಲಾರದಿಂದ

👆 ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಅಣ್ಣ ಈಗ ಹೇಗಿದ್ದಾರೆ?

ಎರಡನೆಯವನು

ಚೆನ್ನಾಗಿದ್ದಾನೆ. ಅಂಗಡಿ ಈಗ ದೊಡ್ಡದಾಗಿದೆ. ಅವನ ಮಗಳ ಕಾಲೇಜು ಫೀಸು ನಾನು ಕಟ್ಟುತ್ತಿದ್ದೇನೆ, ಬೇಡ ಅಂದರೂ ಕೇಳಿಲ್ಲ.

ನಲಿಕಲಿ ಟೀಚರ್

ಚಿತ್ರದುರ್ಗದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮಲ್ಲಿ ಎ, ಬಿ ಸೆಕ್ಷನ್ ಎಲ್ಲಿಂದ ಬರಬೇಕು? ಒಂದರಿಂದ ಮೂರನೇ ತರಗತಿವರೆಗೆ ಎಲ್ಲರೂ ಒಂದೇ ನಲಿಕಲಿ ಕೋಣೆ. ಆದರೂ ಅವಳಿಗಳು ತಾವಾಗಿ ಬೇರೆಯಾಗುತ್ತಾರೆ. ನಲಿಕಲಿಯಲ್ಲಿ ಮಕ್ಕಳು ತಟ್ಟೆಗಳಲ್ಲಿ, ಅಂದರೆ ಸಣ್ಣ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು, ಒಂದಕ್ಕೆ ಗೆಳೆಯರು ಸಹಾಯ ಮಾಡುತ್ತಾರೆ, ಒಂದರಲ್ಲಿ ಮಗು ತಾನೇ ಕಲಿಯುತ್ತದೆ. ಕಲಿಕಾ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಅದರಂತೆ ತಟ್ಟೆ ಬದಲಾಗುತ್ತದೆ. ಅವಳಿಗಳಲ್ಲಿ ಒಬ್ಬ ಕನ್ನಡದಲ್ಲಿ ಮುಂದೆ ಹೋಗುತ್ತಾನೆ, ಇನ್ನೊಬ್ಬ ಗಣಿತದಲ್ಲಿ. ಕೋಣೆ ಒಂದೇ, ತಟ್ಟೆ ಬೇರೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಜೊತೆಯವನಿದ್ದಾನೆ, ಆದರೆ ಸ್ಲೇಟು ತನ್ನದೇ.

ಹಾಸನದ ಸರ್, ಒಂದು ಕೆಲಸ ಮಾಡಿ. ಇಬ್ಬರನ್ನೂ ಕೂರಿಸಿ ಒಂದು ಪ್ರಶ್ನೆ ಕೇಳಿ, ಇಬ್ಬರ ಪರವಾಗಿಯೂ ಯಾರು ಉತ್ತರ ಕೊಡುತ್ತಾರೆ ನೋಡಿ. ನನ್ನ ಕ್ಲಾಸಿನಲ್ಲಿ ಒಂದು ಜೋಡಿ ಇತ್ತು. ತಂಗಿಗೆ ಬಾಯಾರಿಕೆ ಆದರೂ "ಮಿಸ್, ಇವಳಿಗೆ ನೀರು ಬೇಕಂತೆ" ಅಂತ ಅಕ್ಕ ಹೇಳಬೇಕು. ತಂಗಿ ಬಾಯೇ ಬಿಡುತ್ತಿರಲಿಲ್ಲ. ಅಕ್ಕನಿಗೆ ಜ್ವರ ಬಂದು ರಜೆ ಹಾಕಿದ ವಾರ, ಆ ಮಗು ಮೊದಲ ದಿನ ಅತ್ತಿತು, ಮೂರನೇ ದಿನ ಎದ್ದು ನಿಂತು ಪದ್ಯ ಹೇಳಿತು. ಅಂಥ ಜೋಡಿ ಆದರೆ ಬೇರೆ ಮಾಡುವುದು ಒಳ್ಳೆಯದು. ಇಬ್ಬರೂ ಸಮಸಮವಾಗಿ ಮಾತಾಡುವವರಾದರೆ ಒಟ್ಟಿಗಿರಲಿ, ಏನೂ ತೊಂದರೆ ಇಲ್ಲ.

ಓದುಹುಳ

ಸಂಶೋಧನೆ ಏನು ಹೇಳುತ್ತೆ ಅಂತ ಯಾರೂ ಹೇಳಲಿಲ್ಲ. ಬ್ರಿಟನ್ ಮತ್ತು ಕೆನಡಾದ ಕ್ವಿಬೆಕ್‌ನ ಸಾವಿರಾರು ಅವಳಿಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಬಂತು. 7ರಿಂದ 16 ವರ್ಷದವರು. ಒಂದೇ ಕ್ಲಾಸಿನಲ್ಲಿ ಓದಿದವರಿಗೂ ಬೇರೆ ಬೇರೆ ಕ್ಲಾಸಿನಲ್ಲಿ ಓದಿದವರಿಗೂ ಮಾರ್ಕ್ಸಿನಲ್ಲಾಗಲಿ, ಕಲಿಯುವ ಉತ್ಸಾಹದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಲ್ಲರನ್ನೂ ಕಡ್ಡಾಯವಾಗಿ ಬೇರೆ ಮಾಡುವ ನಿಯಮಕ್ಕೆ ಆಧಾರ ಇಲ್ಲ, ಅಪ್ಪ ಅಮ್ಮ, ಟೀಚರ್, ಮಕ್ಕಳು ಕೂತು ತೀರ್ಮಾನ ಮಾಡಲಿ ಅಂತ ಅವರ ಅಭಿಪ್ರಾಯ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2005ರಲ್ಲೇ ಇದರ ಬಗ್ಗೆ ಕಾನೂನು ಬಂದಿದೆ, ಪೋಷಕರ ಮಾತಿಗೆ ಬೆಲೆ ಕೊಡಬೇಕು ಅಂತ. ಹೆಡ್ ಮೇಡಂ "ಅದೇ ಪದ್ಧತಿ" ಅಂದರೆ ನೀವು ಧೈರ್ಯವಾಗಿ ಯಾಕೆ ಅಂತ ಕೇಳಿ.

ಶಿರಸಿಯವಳು

ಸರಾಸರಿ ವ್ಯತ್ಯಾಸ ಇಲ್ಲ ಅಂದ ಮಾತ್ರಕ್ಕೆ ಒಂದೊಂದು ಮಗುವಿಗೂ ವ್ಯತ್ಯಾಸ ಆಗಿಲ್ಲ ಅಂತ ಅರ್ಥ ಅಲ್ಲ. ಆದರೂ ಟೀಚರಮ್ಮ ಹೇಳಿದ್ದು ನನಗೆ ಒಪ್ಪಿಗೆ. ನಮ್ಮಲ್ಲಿ ಬಾಯಿ ಬಿಡದವಳು ನಾನು.

ತುಮಕೂರಿನ ಸೊಸೆ

ನೀವೆಲ್ಲ ಶಾಲೆಯ ಬಗ್ಗೆ ಹೇಳುತ್ತಿದ್ದೀರಿ. ಅವಳಿ ಹೆಣ್ಣುಮಕ್ಕಳಿಗೆ ಅಸಲಿ ಕಷ್ಟ ಶುರುವಾಗುವುದು ಗಂಡು ನೋಡುವಾಗ. ನನ್ನನ್ನು ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಭಾತ್ ತಿಂದು, ಹೋಗುವಾಗ "ಇನ್ನೊಬ್ಬಳನ್ನೂ ಒಂದ್ಸಲ ಕರೀರಿ" ಅಂದರು. ತಂಗಿ ಒಳಗೆ ಲೋಟ ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಬಂದು ನಿಂತಳು. ಹುಡುಗನ ತಾಯಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. ಎರಡು ದಿನ ಬಿಟ್ಟು ಫೋನ್ ಬಂತು: "ನಮಗೆ ಆಮೇಲೆ ಬಂದ ಹುಡುಗಿ ಒಪ್ಪಿಗೆ." ಒಂದೇ ಮುಖ ನೋಡಿ, ಅವರಿಗೆ ಏನು ವ್ಯತ್ಯಾಸ ಕಂಡಿತೋ. ತಂಗಿ ಫೋನ್ ಕಿತ್ತುಕೊಂಡು "ನನಗೆ ಒಪ್ಪಿಗೆ ಇಲ್ಲ" ಅಂತ ಅವಳೇ ಹೇಳಿ ಇಟ್ಟಳು. ಇಷ್ಟು ಸಾಕು, ಅವಳು ಎಂಥವಳು ಅಂತ ಗೊತ್ತಾಗೋಕೆ.

ಇನ್ನೊಂದು ಮನೆಯವರು ಇಬ್ಬರು ಗಂಡುಮಕ್ಕಳಿಗೂ ನಮ್ಮಿಬ್ಬರನ್ನೂ ಒಂದೇ ಚಪ್ಪರದಲ್ಲಿ ತರುತ್ತೇವೆ ಎಂದರು. ಖರ್ಚು ಉಳಿಯುತ್ತೆ ಅಂತ ನಮ್ಮ ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ನಾವಿಬ್ಬರೂ ಒಪ್ಪಲಿಲ್ಲ.

ಜಾತಕದ ಕಥೆ ಕೇಳಿ. ಅದೇ ನಕ್ಷತ್ರ, ಅದೇ ಪಾದ, ಅದೇ ರಾಶಿ. ಜೋಯಿಸರು ಇಬ್ಬರಿಗೂ ಒಂದೇ ವರ್ಷ ಕಂಕಣಭಾಗ್ಯ ಎಂದಿದ್ದರು. ನನಗೆ 23ಕ್ಕೆ ಮದುವೆಯಾಯಿತು, ತಂಗಿಗೆ 31ಕ್ಕೆ.

ಪಂಚಾಂಗಪ್ರಿಯ

ಅಮ್ಮಾ, ರಾಶಿ ನಕ್ಷತ್ರ ಒಂದೇ ಆದರೂ ಕೆಲವು ನಿಮಿಷದ ಅಂತರದಲ್ಲಿ ನವಾಂಶ ಬದಲಾಗಬಹುದು. ಹುಟ್ಟಿದ ಸಮಯ ಸರಿಯಾಗಿ ಬರೆದುಕೊಂಡಿರಬೇಕು. ಜಾತಕದ ತಪ್ಪಲ್ಲ.

ತುಮಕೂರಿನ ಸೊಸೆ

ಹಾಗಿದ್ದರೆ ಮದುವೆಗೆ ಮೊದಲೇ ಅದನ್ನು ನೋಡಬೇಕಿತ್ತಲ್ವಾ? ತಂಗಿಯನ್ನು "ಅಕ್ಕನದು ಆಯ್ತು, ನಿನ್ನದೇನು" ಅಂತ ಎಂಟು ವರ್ಷ ಕಾಡಿದರು. ಬೇರೆ ಹುಡುಗಿಯರಿಗೂ ಕೇಳುತ್ತಾರೆ, ಆದರೆ ಅವಳ ಎದುರು ಯಾವಾಗಲೂ ನನ್ನನ್ನೇ ಅಳತೆಕೋಲು ಮಾಡಿ ಹಿಡಿದರು. ನನಗೆ ಅದು ಬೇಜಾರು.

ಬೆಂಗಳೂರು ಟೆಕ್ಕಿ

ಬೇರೆ ತೊಂದರೆ ಹೇಳುತ್ತೇನೆ. ಅವಳಿ ಗಂಡುಮಕ್ಕಳಿಗೆ ಹುಟ್ಟಿದ ದಿನ ಒಂದೇ, ಅಪ್ಪನ ಹೆಸರು ಒಂದೇ, ವಿಳಾಸ ಒಂದೇ, ಇನಿಷಿಯಲ್ ಒಂದೇ. ಹೆಸರೂ ಒಂದಕ್ಷರ ಆಚೀಚೆ. ತಮ್ಮ ತಗೊಂಡ ಬೈಕ್ ಲೋನ್ ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಬಂದು ಕೂತಿತು. ಅವನು ಕಂತು ತಪ್ಪಿಸಿದಾಗ ನನ್ನ ಸ್ಕೋರ್ ಬಿತ್ತು, ನನ್ನ ಮನೆ ಸಾಲ ನಿಂತಿತು. ಇಬ್ಬರ ಪ್ಯಾನ್ ಕಾರ್ಡ್, ಜನನ ಪ್ರಮಾಣಪತ್ರ, ಸಾಲದ ಕಾಗದ ಎಲ್ಲ ಹಾಕಿ ಅರ್ಜಿ ಕೊಟ್ಟ ಮೇಲೆ ಸರಿಯಾಯಿತು. ಆದ್ದರಿಂದ ಪ್ರಾಸ ಹೊಂದಿಸಿ ಹೆಸರಿಡಬೇಡಿ. ರಮೇಶ–ಸುರೇಶ, ಸೌಮ್ಯ–ರಮ್ಯ ಕೇಳೋಕೆ ಚೆಂದ, ಕಚೇರಿ ಕೆಲಸಕ್ಕೆ ಕಷ್ಟ.

ಫೋನ್ ಅಂತೂ ಅವನ ಮುಖ ನೋಡಿದರೂ ಬಿಚ್ಚಿಕೊಳ್ಳುತ್ತೆ.

ಓದುಹುಳ

ಆಪಲ್ ಕಂಪನಿಯೇ ಅವಳಿಗಳಿಗೆ ಮುಖದ ಲಾಕ್ ಅಷ್ಟು ಭದ್ರ ಅಲ್ಲ, ಪಾಸ್‌ಕೋಡ್ ಬಳಸಿ ಅಂತ ಹೇಳಿದೆ. ಬೆರಳಚ್ಚು ಇಟ್ಟುಕೊಳ್ಳಿ. ಐಡೆಂಟಿಕಲ್ ಅವಳಿಗಳ ಬೆರಳಚ್ಚೂ ಬೇರೆ ಬೇರೆಯೇ. ಗರ್ಭದಲ್ಲಿ ಬೆರಳ ತುದಿಯ ಗೆರೆಗಳು ಮೂಡುವಾಗ ಮಗು ಇದ್ದ ಜಾಗ, ಒತ್ತಡ, ಬೆಳೆದ ವೇಗ ಎಲ್ಲ ಸೇರಿ ಗೆರೆ ಬದಲಾಗುತ್ತೆ.

ಡಿಎನ್‌ಎ ಕೂಡ ಪೂರ್ತಿ ಒಂದೇ ಅಲ್ಲ. ಐಸ್‌ಲ್ಯಾಂಡಿನ ವಿಜ್ಞಾನಿಗಳು 2021ರಲ್ಲಿ ತೋರಿಸಿದ ಪ್ರಕಾರ, ಭ್ರೂಣದ ಶುರುವಿನ ದಿನಗಳಲ್ಲಿ ಆದ ಬದಲಾವಣೆಗಳಲ್ಲಿ ಅವಳಿಗಳ ನಡುವೆ ಸರಾಸರಿ 5.2 ವ್ಯತ್ಯಾಸ ಇರುತ್ತೆ. ಮಾಮೂಲಿ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ.

ಸಿಂಗಾಪುರದಿಂದ

ಡಿಎನ್‌ಎ ಅಂದಿದ್ದಕ್ಕೆ ನೆನಪಾಯಿತು. ನನ್ನ ಅವಳಿ ತಂಗಿ ಮೈಸೂರಿನಲ್ಲಿದ್ದಾಳೆ. ಅವಳಿಗೆ ಮಗ ಹುಟ್ಟಿದ ಮೇಲೆ ನಾನು ಮೊದಲ ಸಲ ಊರಿಗೆ ಹೋದಾಗ ಆ ಕೂಸು ಅವಳ ತೋಳಿನಿಂದಲೇ ನನ್ನ ಕಡೆ ಕೈ ಚಾಚಿತು. ನನ್ನ ತೋಳಿಗೆ ಬಂದು ಅವಳ ಮುಖ ನೋಡಿತು, ನನ್ನ ಮುಖ ನೋಡಿತು, ಮತ್ತೆ ಅವಳ ಮುಖ ನೋಡಿ ಜೋರಾಗಿ ಅಳೋಕೆ ಶುರು ಮಾಡಿತು. ಡಿಎನ್‌ಎ ಲೆಕ್ಕದಲ್ಲಿ ಅವನು ನನಗೆ ಮಗನಷ್ಟೇ ಹತ್ತಿರ. ನನ್ನ ಮಗಳು, ಅವನು ಅರ್ಧ ಅಣ್ಣ ತಂಗಿಯರಿದ್ದ ಹಾಗೆ. ಈಗ ಅವನು ದೊಡ್ಡಮ್ಮಾ ಅಂತ ಕರೆಯುವಾಗ ನನಗೆ ಬೇರೆಯೇ ಸಂತೋಷ.

ಆದರೆ ಡಾಕ್ಟರಮ್ಮ, ಒಂದು ಭಯ. ತಂಗಿಗೆ ಶುಗರ್ ಬಂದಿದೆ. ನನಗೂ ಬಂದೇ ಬರುತ್ತಾ?

ಡಾಕ್ಟರಮ್ಮ

ಬಂದೇ ಬರುತ್ತೆ ಅಂತಿಲ್ಲ. ಆದರೆ ಬೇರೆಯವರಿಗಿಂತ ಸಾಧ್ಯತೆ ಜಾಸ್ತಿ ಇದೆ, ಅದರಲ್ಲೂ ಟೈಪ್ 2 ಆದರೆ. ಊಟ, ತೂಕ, ನಡಿಗೆ ನಿಮ್ಮ ಕೈಯಲ್ಲಿದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಮುಂಚಿತವಾಗಿ ಸಿಕ್ಕ ಎಚ್ಚರಿಕೆ ಅಂದುಕೊಳ್ಳಿ.

ಅವಳಿ ಆಗಿರುವುದರಿಂದ ಜೀವ ಉಳಿದದ್ದೂ ಇದೆ. ಜಗತ್ತಿನ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ಆದದ್ದು 1954ರ ಡಿಸೆಂಬರ್ 23ರಂದು, ಬಾಸ್ಟನ್‌ನಲ್ಲಿ. ರೊನಾಲ್ಡ್ ಹೆರಿಕ್ ತನ್ನ ಅವಳಿ ಸೋದರ ರಿಚರ್ಡ್‌ಗೆ ಕೊಟ್ಟ. ಇಬ್ಬರ ದೇಹ ಒಂದೇ ಆದ್ದರಿಂದ ಹೊಸ ಮೂತ್ರಪಿಂಡವನ್ನು ರಿಚರ್ಡ್‌ನ ದೇಹ ತಳ್ಳಿಹಾಕಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಜೋಸೆಫ್ ಮರ್ರೆಗೆ 1990ರಲ್ಲಿ ನೊಬೆಲ್ ಬಂತು.

ಮಂಗಳೂರು ಬಂದರು

ಅವಳಿಗಳು ಒಟ್ಟಿಗಿದ್ದೇ ದೊಡ್ಡ ಕೆಲಸ ಮಾಡಿದ್ದಕ್ಕೆ ತಾಶಿ, ನುಂಗ್ಶಿ ಮಲಿಕ್ ಇದ್ದಾರೆ. 2013ರ ಮೇ ತಿಂಗಳಲ್ಲಿ ಒಟ್ಟಿಗೆ ಎವರೆಸ್ಟ್ ಹತ್ತಿದ ಮೊದಲ ಅವಳಿ ಸೋದರಿಯರು. ಆಮೇಲೆ ಏಳು ಖಂಡಗಳ ಎತ್ತರದ ಶಿಖರಗಳನ್ನೂ ಮುಗಿಸಿದರು. ಬೇರೆ ಮಾಡಿದರೆ ಮಾತ್ರ ಬೆಳೆಯುತ್ತಾರೆ ಅನ್ನುವವರಿಗೆ ಇದು ನನ್ನ ಉತ್ತರ.

ಹಾಸನದ ಅಪ್ಪ

ಎಲ್ಲರಿಗೂ ತುಂಬಾ ಧನ್ಯವಾದ. ಟೀಚರಮ್ಮ ಹೇಳಿದ ಹಾಗೆ ಇಬ್ಬರನ್ನೂ ಕೂರಿಸಿ, ನಾಳೆ ತಿಂಡಿಗೆ ಏನು ಬೇಕು ಅಂತ ಕೇಳಿದೆ. ದೋಸೆ ಅಂತ ಮಚ್ಚೆ ಇರುವವಳು ಹೇಳಿದಳು, "ಇವಳಿಗೂ ದೋಸೆ" ಅಂತ ಅವಳೇ ಸೇರಿಸಿದಳು. ಆಮೇಲೆ ಇನ್ನೊಬ್ಬಳನ್ನು ಅಂಗಡಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವಲಕ್ಕಿ" ಅಂದಳು. ಅವಳಿಗೆ ಅವಲಕ್ಕಿ ಇಷ್ಟ ಅಂತ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಹೆಂಡತಿಗೂ ಇದನ್ನು ಹೇಳಿದೆ. ಬೇರೆ ಸೆಕ್ಷನ್‌ಗೆ ಹಾಕುವುದು, ಆದರೆ ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಬಿಡಬೇಕು ಅಂತ ಹೆಡ್ ಮೇಡಂ ಹತ್ತಿರ ಕೇಳುವುದು, ದಸರಾ ರಜೆವರೆಗೆ ನೋಡಿ ಹೊಂದದಿದ್ದರೆ ಬದಲಾಯಿಸುವುದು ಅಂತ ಮಾತಾಗಿದೆ.

ಧಾರವಾಡದ ಅಣ್ತಮ್ಮ

ದಸರಾದ ತನಕ ಅಂತ ಬಾಯಿಮಾತಲ್ಲಿ ಬಿಡಬೇಡಿ, ಅರ್ಜಿಯಲ್ಲಿ ಬರೆಸಿ. ಆಮೇಲೆ "ಸೀಟ್ ಫುಲ್ ಆಗಿದೆ" ಅಂತಾರೆ. ನನ್ನ ಅಭಿಪ್ರಾಯ ಈಗಲೂ ಒಟ್ಟಿಗೆ ಇರಲಿ ಅಂತಲೇ.

ಬೆಂಗಳೂರು ಟೆಕ್ಕಿ

ಹಾಸನದವರೇ, ಇನ್ನೊಂದು ಕೆಲಸ. ಮಕ್ಕಳಿಗೆ 5 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ಕೊಡಬೇಕು. ಮಾಡಿಸಿಲ್ಲದಿದ್ದರೆ ಶಾಲೆ ಶುರುವಾಗುವ ಮೊದಲು ಮಾಡಿಸಿ. ಇಬ್ಬರನ್ನೂ ಒಟ್ಟಿಗೆ ಒಳಗೆ ಬಿಡಬೇಡಿ. ಒಬ್ಬಳದು ಪೂರ್ತಿ ಮುಗಿಸಿ, ಸ್ಲಿಪ್ಪಿನಲ್ಲಿ ಹೆಸರು ನೋಡಿಕೊಂಡು, ಆಮೇಲೆ ಇನ್ನೊಬ್ಬಳನ್ನು ಕೂರಿಸಿ. ಅಲ್ಲಿ ಅದಲು ಬದಲಾದರೆ ಸರಿ ಮಾಡಿಸೋಕೆ ಬಹಳ ಓಡಾಡಬೇಕಾಗುತ್ತೆ.

ಹಾಸನದ ಅಪ್ಪ

ಅದಿನ್ನೂ ಮಾಡಿಸಿಲ್ಲ ಸರ್. ಈ ಶನಿವಾರ ಒಬ್ಬಳನ್ನು ನಾನು, ಇನ್ನೊಬ್ಬಳನ್ನು ಅವರಮ್ಮ ಕರೆದುಕೊಂಡು ಹೋಗುತ್ತೇವೆ.